ಕೈಪಿಡಿಪುಟ ಮೀಮಾಂಸೆ ಅಥವಾ ನೀರ್‌ದೋಸೆ ನ್ಯಾಯ

ತಂತ್ರಾಂಶ ಬರೆದವನೇ ಅದರ ಕೈಪಿಡಿಪುಟವನ್ನೂ ಬರೆಯತಕ್ಕದ್ದು ಎಂಬುದು ಪ್ರಾಚೀನ ವಿಧಿ. ಯುನಿಕ್ಸಿನ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3ರ ತಾರೀಖಿದೆ. ಅದಕ್ಕಿಂತ ಹಳೆಯ ಶ್ರುತಿ ಇಲ್ಲಿ ಪ್ರಮಾಣವಲ್ಲ. ವಿವಾದವೆಲ್ಲ ಯಾವ ಸಲಕರಣೆಯಿಂದ ಬರೆಯಬೇಕು ಎಂಬಲ್ಲಿ.

ಪೂರ್ವಪಕ್ಷ ಆಸ್ಕಿಡಾಕ್‌ನದು. ಹಳೆಯ ಕ್ರಮದಲ್ಲಿ ಪಠ್ಯ ಮೊದಲು ಡಾಕ್‌ಬುಕ್ ಎಂಬ ಎಕ್ಸ್‌ಎಂಎಲ್ ಆಗಬೇಕು, ಆಮೇಲೆ ಎಕ್ಸ್‌ಎಸ್‌ಎಲ್‌ಟಿ ಹಾಯ್ದು ರಾಫ್ ಆಗಬೇಕು. ಆಟಿ ತಿಂಗಳ ಒಂದು ಸಂಜೆ, ಕದ್ರಿಯ ನನ್ನ ಕೋಣೆಯಲ್ಲಿ, ಎರಡು ಪುಟದ ಕೈಪಿಡಿಗಾಗಿ ಇದನ್ನು ಇಳಿಸಹೊರಟೆ. ಕರೆದದ್ದು ಮದುಮಗನೊಬ್ಬನನ್ನು, ಪೈಥಾನು, ಶೈಲಿಹಾಳೆಗಳು, ಅವುಗಳ ಸೋದರಮಾವಂದಿರೆಂದು ದಿಬ್ಬಣವೇ ಹೊರಟಿತು. ಅರ್ಧದಲ್ಲಿ ಕರೆಂಟು ಹೋಯಿತು. ಇದೇ ಕೋರಿಗಸಿ ನ್ಯಾಯ: ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ, ಹುಣಸೆಹುಳಿ, ಕಾಯಿಹಾಲು ಎಲ್ಲ ಕೂಡಿದ ಮೇಲಷ್ಟೇ ಕೋಳಿಯ ಪ್ರಸ್ತಾಪ.

ಸಿದ್ಧಾಂತಪಕ್ಷ ನೀರ್‌ದೋಸೆ ನ್ಯಾಯವನ್ನು ಹಿಡಿಯುತ್ತದೆ. ನೆನೆಸಿದ ಬೆಳ್ತಿಗೆ ಅಕ್ಕಿ, ನೀರು, ಉಪ್ಪು. ಉದ್ದಿಲ್ಲ, ಹುಳಿ ಬರಿಸುವ ರಗಳೆಯಿಲ್ಲ. 2018ರಲ್ಲಿ ಡ್ರೂ ಡಿವಾಲ್ಟ್ ಬರೆದ ಎಸ್‌ಸಿಡಾಕ್ ಈ ಜಾತಿಯದು: ಒಂದು ಸಿ ಕಂಪೈಲರ್ ಇದ್ದರೆ ಮುಗಿಯಿತು. ಮಡಿವಂತಿಕೆ ಮಾತ್ರ ಜಾಸ್ತಿ. ಸಾಲನ್ನು ಒಳಸರಿಸಲು ಟ್ಯಾಬೇ ಬೇಕು. ಸ್ಪೇಸ್ ಒತ್ತಿದರೆ, ಕಾಯದ ಕಾವಲಿಗೆ ಹಿಟ್ಟು ಹೊಯ್ದವರನ್ನು ದೊಡ್ಡಮ್ಮ ನೋಡುವ ಹಾಗೆ ನೋಡಿ ಅಲ್ಲೇ ನಿಲ್ಲಿಸುತ್ತದೆ.

ಐತಿಹಾಸಿಕ ಪ್ರಮಾಣ ಊರಲ್ಲೇ ಇದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲು, ಜಿಡ್ಡುಮಸಿ, ನೀರು. ಒತ್ತಕ್ಷರಕ್ಕೊಂದು ಮೊಳೆ ಎರಕ ಹೊಯ್ಯುವ ದಿಬ್ಬಣವಿಲ್ಲದೆಯೇ ಕನ್ನಡದ ಮೊದಲ ಪತ್ರಿಕೆ ಬಂತು.

‘ಹಾಗಿದ್ದರೆ 1894ರ ಕಿಟೆಲ್ ನಿಘಂಟು?’ ಎಂದು ಪೂರ್ವಪಕ್ಷಿ ಕೇಳಿಯಾನು. ಅದು ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚುಮೊಳೆಗಳಿಂದಲೇ ಆದದ್ದು, ಒಪ್ಪಿದೆ. ನಿಘಂಟು ಬರೆಯುವವರು ಪ್ಯಾನ್‌ಡಾಕ್ ತರಿಸಿಕೊಳ್ಳಲಿ. ನನ್ನದು ಎರಡು ಪುಟ.

ಇನ್ನುಳಿದವರು ವಿರಕ್ತರು. ಸಲಕರಣೆಯೆಂಬುದೇ ಮಾಯೆ, ನೇರ ರಾಫಿನಲ್ಲೇ ಬರೆ ಎನ್ನುತ್ತಾರೆ. ಬರೆದೆ. ಆದರೆ ಚುಕ್ಕಿಯಿಂದ ಶುರುವಾಗುವ ಸಾಲನ್ನು ರಾಫ್ ಆಜ್ಞೆಯೆಂದೇ ತಿಳಿಯುತ್ತದೆ, ಅರ್ಥವಾಗದಿದ್ದರೆ ನುಂಗಿಬಿಡುತ್ತದೆ. ನನ್ನ ಪುಟದಲ್ಲಿ ಮಾಯವಾದದ್ದು ಒಂದೇ ಸಾಲು: ‘.ಬ್ಯಾಶ್‌ಆರ್‌ಸಿ ಕಡತವನ್ನು ಯಾವ ಕಾರಣಕ್ಕೂ ಅಳಿಸಬೇಡಿ.’