ಇಂಗು, ತೆಂಗು ಮತ್ತು ಇಂಟರ್‌ಲಾಕ್

ನಮ್ಮ ಮನೆಯ ಅಂಗಳಕ್ಕೆ ಒಂದು ಹಳೇ ಕಾಯಿಲೆಯಿತ್ತು. ಅದರಲ್ಲಿ ಮಣ್ಣಿತ್ತು.

ಬೆಂಗಳೂರಿನಲ್ಲಿ 40x60 ಸೈಟಿನ ಹಳೇ ಮನೆ. ಮುಂದೆ ಒಂದು ತೆಂಗಿನ ಮರ, ಎರಡು ದಾಸವಾಳ, ಉಳಿದದ್ದೆಲ್ಲ ಕೆಂಪು ಮಣ್ಣು. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು. ಬೀದಿಯ ಉಳಿದ ಮನೆಗಳೆಲ್ಲ ಈ ರೋಗದಿಂದ ಯಾವತ್ತೋ ಗುಣವಾಗಿದ್ದವು. ಎದುರು ಮನೆಗೆ ಗ್ರಾನೈಟ್, ಪಕ್ಕದ ಮನೆಗೆ ಪಾರ್ಕಿಂಗ್ ಟೈಲ್ಸ್. ಮೂಲೆ ಮನೆಯವರು ಹೊಂಗೆ ಮರ ಕಡಿಸಿ, ಅದೇ ಜಾಗದಲ್ಲಿ ಮರದ ಹಲಗೆಯಂತೆ ಕಾಣುವ ಕಾಂಕ್ರೀಟ್ ಹಾಕಿಸಿದ್ದರು. ಪ್ರಕೃತಿಪ್ರೇಮಿಗಳು. "ನಿಮ್ಮದೊಂದೇ ಇನ್ನೂ ಹಳ್ಳಿ ಥರಾ ಇದೆಯಲ್ಲ ಸಾರ್" ಎಂದು ಪಕ್ಕದ ಮನೆಯವರು ಅಂದ ದಿನವೇ ನಾನು ಮೇಸ್ತ್ರಿಗೆ ಫೋನ್ ಮಾಡಿದೆ.

ಮೇಸ್ತ್ರಿ ಬಂದು ನೆಲ ನೋಡಿ, ವೈದ್ಯರು ಎಕ್ಸ್‌ರೇ ನೋಡುವಂತೆ ತಲೆಯಾಡಿಸಿದ. "ಒಂದ್ಸಲ ಇಂಟರ್‌ಲಾಕ್ ಹಾಕಿಸಿಬಿಡಿ, ಲೈಫ್ ಲಾಂಗ್ ತಲೆನೋವಿಲ್ಲ. 80 ಎಂಎಂ ಹಾಕ್ತೀನಿ. ಲಾರಿ ಹತ್ತಿದ್ರೂ ಜಗ್ಗಲ್ಲ." ನಮ್ಮ ಗೇಟಿನೊಳಗೆ ಬರುವುದು ಒಂದು ಸ್ಕೂಟರು, ಅದೂ ಸ್ಟಾರ್ಟ್ ಆದ ದಿನ. ಆದರೇನು, ಬಾರದ ಲಾರಿಗಾಗಿ ನೆಲ ಗಟ್ಟಿ ಮಾಡಿಕೊಳ್ಳುವುದಕ್ಕೇ ದೂರದೃಷ್ಟಿ ಎನ್ನುವುದು.

ಮರಳಿನ ಹಾಸಿನ ಮೇಲೆ ಕೂರಿಸಿ, ಸಂದಿಗೂ ಮರಳೇ ತುಂಬಿದರೆ ಒಂದಿಷ್ಟು ನೀರಾದರೂ ಕೆಳಗಿಳಿಯುತ್ತದಂತೆ ಎಂದೆ. ಮೇಸ್ತ್ರಿ ಕನಿಕರದಿಂದ ನಕ್ಕ. "ಸಂದಿ ಬಿಟ್ರೆ ಹುಲ್ಲು ಬರುತ್ತೆ, ಇರುವೆ ಬರುತ್ತೆ. ಕೆಳಗೆ ನಾಲ್ಕಿಂಚು ಕಾಂಕ್ರೀಟ್ ಹಾಕಿ, ಸಂದಿಗೆಲ್ಲ ಸಿಮೆಂಟ್ ಕುಡಿಸ್ತೀನಿ." ಇಷ್ಟು ವರ್ಷ ನೀರು ಕುಡಿಯುತ್ತಿದ್ದ ನೆಲ ಅಂದಿನಿಂದ ಸಿಮೆಂಟ್ ಕುಡಿಯತೊಡಗಿತು. ಗರಿ ಬಿದ್ದು ಹೊಸ ನೆಲಕ್ಕೆ ಗೀರಾದೀತೆಂದು ತೆಂಗಿನ ಮರವನ್ನೂ ಕಡಿಸಿದೆವು.

ಮೂರು ಟ್ರ್ಯಾಕ್ಟರ್ ಮಣ್ಣು ಹೊರಗೆ ಹೋಯಿತು. ಸಾಗಿಸಲು ನಾನೇ ದುಡ್ಡು ಕೊಟ್ಟೆ. ಮುಂದಿನ ವಾರ ಮನೆಯಾಕೆ ತುಳಸಿ ಕುಂಡಕ್ಕೆ ಎರಡು ಹಿಡಿ ಮಣ್ಣು ಕೇಳಿದಳು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಣ್ಣೆಂಬುದಿರಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಐದು ಕೆಜಿ ಪೊಟ್ಟಣ ತರಿಸಿದೆವು. ಹೊರಹಾಕುವಾಗ ಟ್ರ್ಯಾಕ್ಟರ್ ಲೆಕ್ಕ, ಒಳತರುವಾಗ ಕೆಜಿ ಲೆಕ್ಕ. ಪೊಟ್ಟಣದ ಮೇಲೆ 'ಪ್ರೀಮಿಯಂ' ಎಂದು ಬರೆದಿತ್ತು. ನಮ್ಮದು ಪಾಪ, ಬರೀ ಮಣ್ಣು.

ಇನ್ನು ನೀರಿನ ಲೆಕ್ಕ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಅಂದರೆ ನನ್ನ ಸೈಟಿನ ಮೇಲೆ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು, 6,000 ಲೀಟರಿನ 36 ಟ್ಯಾಂಕರ್, ಬಾಡಿಗೆಯಿಲ್ಲದೆ, ಹಾರ್ನ್ ಹೊಡೆಯದೆ ಬಂದಿಳಿಯುತ್ತದೆ. ನಾನು ಅಂಗಳಕ್ಕೆ ಚೆಂದದ ಇಳಿಜಾರು ಕೊಡಿಸಿ ಅದನ್ನು ಮೋರಿಗೆ ಬೀಳ್ಕೊಡುತ್ತೇನೆ. ಆಮೇಲೆ ಟ್ಯಾಂಕರಿನವನಿಗೆ ಫೋನ್ ಮಾಡಿ "ಅಣ್ಣಾ, ಇವತ್ತಾದರೂ ಬರ್ತೀರಾ" ಎಂದು ಗೋಗರೆಯುತ್ತೇನೆ. ನನ್ನಂಥ ಸೈಟಿನವರಿಗೆ ಮಳೆನೀರು ಕೊಯ್ಲು 2009ರಲ್ಲೇ ಕಡ್ಡಾಯವಾಗಿದೆ. ನಾನೂ ಕಾನೂನು ಪಾಲಿಸಿದ್ದೇನೆ: ಇಂಗುಗುಂಡಿ ಇದೆ. ಅದರ ಮುಚ್ಚಳದ ಮೇಲೂ ಇಂಟರ್‌ಲಾಕ್ ಇದೆ.

2024ರ ಮಾರ್ಚ್‌ನಲ್ಲಿ ಊರೆಲ್ಲ ನೀರಿಗೆ ಹಾಹಾಕಾರ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈದೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಬಂತು. ಎದೆಯುಬ್ಬಿಸಿ ಓದಿದೆ. ನನಗೆ ಕಾರೂ ಇಲ್ಲ, ಕೈದೋಟವೂ ಇಲ್ಲ. ಆದರ್ಶ ನಾಗರಿಕ! ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಏದುಸಿರು ಬಿಡುತ್ತಾ ಬಂದ ಕಾವೇರಿಯನ್ನು ಬಕೆಟ್ಟಿಗೆ ಹಿಡಿದು ಇಂಟರ್‌ಲಾಕ್ ತೊಳೆಯಲು ಹೊರಟೆ.

ನಮ್ಮ ಬೀದಿಯಲ್ಲಿ ಜೀವನಮಟ್ಟವನ್ನು ಇಂಚಿನಲ್ಲಿ ಅಳೆಯುತ್ತಾರೆ. ಹಳೇ ಡಾಂಬರಿನ ಮೇಲೆ ಹೊಸ ಡಾಂಬರು ಬಿದ್ದಂತೆಲ್ಲ ರಸ್ತೆ ಏರುತ್ತದೆ. ನೀರು ಒಳನುಗ್ಗದಂತೆ ಎದುರು ಮನೆಯವರು ಅಂಗಳ ಏರಿಸುತ್ತಾರೆ. ಅವರ ನೀರು ನಮಗೆ ಬರುತ್ತದೆಂದು ನಾವು ಏರಿಸುತ್ತೇವೆ. ಈ ಭರದಲ್ಲಿ ಹೊಸ್ತಿಲು ನೆಲದೊಳಗೆ ಹೂತುಹೋಗಿದೆ. ಇನ್ನೊಂದು ಸುತ್ತು ಏರಿಸಿದರೆ ಕಿಟಕಿಯಿಂದಲೇ ಗೃಹಪ್ರವೇಶ.

ಬೇಸಿಗೆಯಲ್ಲಿ ನೆಲ ಕಾದ ಹೆಂಚಾಯಿತು. ಬರಿಗಾಲಲ್ಲಿ ಕಾಲಿಟ್ಟರೆ ಚುರ್ ಎನ್ನುತ್ತಿತ್ತು. ತಂಪು ಕಾಣಲೆಂದು ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿದೆವು. ಈಗ ಹುಲ್ಲು ಒಣಗುವುದಿಲ್ಲ, ಬೆಳೆಯುವುದಿಲ್ಲ, ವಾರಕ್ಕೊಮ್ಮೆ ಪೊರಕೆ ಸಾಕು. ರಂಗೋಲಿಯೂ ಸ್ಟಿಕ್ಕರು. ಯುಗಾದಿಗೆ ಅಂಟಿಸಿದ ನವಿಲು ದೀಪಾವಳಿಯ ತನಕ ಕುಣಿಯಿತು.

ಎಲ್ಲ ಶಾಶ್ವತವಾಯಿತು ಎನ್ನುವಷ್ಟರಲ್ಲಿ, ಪೈಪು ಹಾಕುವವರು ಬಂದು ಗೇಟಿನಿಂದ ಸಂಪಿನವರೆಗೆ ಅಗೆದರು. ಲಾರಿಗೆ ಜಗ್ಗದ ನೆಲ ಹಾರೆಗೆ ಜಗ್ಗಿತು. ತೇಪೆ ಹಾಕಿಸಿದೆ. ತೇಪೆ ಬಿರುಕು ಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಆ ಬಿರುಕಿನಲ್ಲಿ ಎರಡೆಲೆಯ ಅರಳಿ ಸಸಿ. ಗೊಬ್ಬರವಿಲ್ಲ, ನೀರಿಲ್ಲ, ಪ್ರೀಮಿಯಂ ಮಣ್ಣಿಲ್ಲ.

ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. "ಅರಳಿ ಬೇರು ಬಿಟ್ರೆ ಕಟ್ಟಡವೇ ಸೀಳುತ್ತೆ ಸಾರ್. ಬುಡಕ್ಕೆ ಇಂಗು ಹಾಕಿ, ಸಾಯುತ್ತೆ."

ಅಡುಗೆಮನೆಯಿಂದ ಇಂಗಿನ ಡಬ್ಬಿ ತಂದೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದಂತೆ. ತೆಂಗನ್ನು ನಾನೇ ಕಡಿಸಿದ್ದೆ. ನೀರು ಇಂಗುವುದನ್ನೂ ನಾನೇ ನಿಲ್ಲಿಸಿದ್ದೆ. ಗಾದೆಯಲ್ಲಿ ಉಳಿದದ್ದು ಒಂದೇ ಪ್ರಾಣಿ. ಅದು ಡಬ್ಬಿ ಹಿಡಿದು ಅಂಗಳದಲ್ಲಿ ನಿಂತಿತ್ತು.