ಎಲೆ ಇದೆ ಮೇಡಂ

(ಜಯನಗರದ ಬಟ್ಟೆ ಅಂಗಡಿ. ಬಿದಿರಿನ ಹ್ಯಾಂಗರು, ಸ್ಪೀಕರಿನಲ್ಲಿ ಕೊಳಲು. ಬೆಲೆ ಏರಿಸಲು ಕೊಳಲಿಗಿಂತ ಒಳ್ಳೆಯ ವಾದ್ಯವಿಲ್ಲ. ಮಗಳ ಜೊತೆ ಹಾವೇರಿ ಕಡೆಯ ರೈತ ಅಪ್ಪ.)

ಹುಡುಗ: ಪ್ಯೂರ್ ಆರ್ಗ್ಯಾನಿಕ್ ಅಂಗಿ ಸರ್. ಮೂರು ಸಾವಿರದ ಇನ್ನೂರು.

ಅಪ್ಪ: ಯಾವ ಬೀಜದ ಹತ್ತಿ ತಮ್ಮಾ?

ಹುಡುಗ: ನೇಚರ್ ಬೀಜ ಸರ್.

ಅಪ್ಪ: 2002ರಾಗ ಕುಲಾಂತರಿ ಬಿಟಿ ಹತ್ತಿ ಬಂದ ಮ್ಯಾಲೆ ಎಲ್ಲಾ ಕಡೆ ಅದ ಐತಿ. ಬಿಟಿ ಬಿತ್ತಿದ್ರ ಸಾವಯವ ಅನ್ನಾಂಗಿಲ್ಲ.

ಮಗಳು: ಸಾವಯವ ಬಟ್ಟೆಗೆ ಕೊಡೋ ಜಿಒಟಿಎಸ್ ಮುದ್ರೆ ಇದೆಯಾ?

ಹುಡುಗ: ಇದೆ ಮೇಡಂ, ನೋಡಿ, ಹಸಿರು ಎಲೆ.

ಮಗಳು: ಇದು ಬರೀ ಎಲೆ. ಜಿಒಟಿಎಸ್ ಮುದ್ರೆ ಆದ್ರೆ ಲೈಸೆನ್ಸ್ ನಂಬರ್ ಇರತ್ತೆ, ಪರೀಕ್ಷೆ ಮಾಡಿದ ಸಂಸ್ಥೆ ಹೆಸರಿರತ್ತೆ. 'ಆರ್ಗ್ಯಾನಿಕ್' ಅಂತ ಹಾಕೋಕೆ ನೂಲು ಶೇ. 95ರಷ್ಟಾದ್ರೂ ಸಾವಯವ ಇರಬೇಕು. ಬಣ್ಣಕ್ಕೂ ಕಟ್ಟುಪಾಡಿದೆ.

ಹುಡುಗ: ಬಣ್ಣ ಹರ್ಬಲ್ ಮೇಡಂ!

ಅಪ್ಪ: (ಪಕ್ಕದ ಹೊಲಿಗೆಯೊಳಗಿನ ಚೀಟಿ ಹೊರಗೆಳೆದು) 'ಪಾಲಿಯೆಸ್ಟರ್ 60, ಹತ್ತಿ 40' ಅಂತೈತಲ್ಲೋ?

ಹುಡುಗ: ಪಾಲಿಯೆಸ್ಟರ್ ಬರೋದು ಪೆಟ್ರೋಲಿಯಂನಿಂದ, ಅದೂ ಭೂಮಿತಾಯಿ ಕೊಟ್ಟಿದ್ದೇ ಅಲ್ವಾ ಸರ್?

ಅಪ್ಪ: ಅಕಿ ಕೊಟ್ಟಿದ್ದಕ್ಕ ಇಷ್ಟು ರೇಟ್ ಹಚ್ಚಂತ ಯಾರ್ ಹೇಳಿದ್ರು?

ಮಗಳು: ನಡಿ ಅಪ್ಪ, ಹೋಗೋಣ.

ಹುಡುಗ: (ಹಿಂದೆ ಓಡಿಬಂದು) ಮೇಡಂ, ಕ್ಯಾರಿಬ್ಯಾಗ್ ಆದ್ರೂ ತಗೊಳ್ಳಿ. ನಮ್ಮಲ್ಲಿ ಅದೊಂದೇ ಪೂರ್ತಿ ಹತ್ತೀದು. ಇಪ್ಪತ್ತೇ ರೂಪಾಯಿ!