ಎಮ್ಮೆಯ ಬಾಯಲ್ಲಿ ಭಾವನ ಮಾತು

ಎಮ್ಮೆಯ ಚಿತ್ರ ಬರೆಯುವುದು ಅಂಥ ಕಷ್ಟವೇನಲ್ಲ. ಎರಡು ಕೊಂಬು, ಒಂದು ಹೊಟ್ಟೆ, ಜೊತೆಗೆ ಧಾರಾಳವಾಗಿ ಕಪ್ಪು ಬಣ್ಣ ಇದ್ದರೆ ಆಯಿತು. ನಡೆಸುವುದನ್ನೂ ಕಲಿಯಬಹುದು, ಅವಸರವಿಲ್ಲದ ಪ್ರಾಣಿ. ಅದನ್ನು ಮಾತಾಡಿಸಲು ಹೊರಟಾಗಲೇ ಮನುಷ್ಯನ ನೆಮ್ಮದಿ ಹಾಳಾಗುವುದು.

ನಿವೃತ್ತಿಯಾದ ಮೇಲೆ ನನ್ನ ಓರಗೆಯವರು ವಾಕಿಂಗು, ಭಗವದ್ಗೀತೆ, ಮೊಣಕಾಲು ನೋವು ಎಂದು ಒಂದೊಂದನ್ನು ಹಿಡಿದುಕೊಂಡರು. ನಾನು ಅನಿಮೇಷನ್ ಹಿಡಿದುಕೊಂಡೆ. ಗುರು ನನ್ನ ಅಣ್ಣನ ಮಗಳು, ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಕೆಲಸ. "ಚಿಕ್ಕಪ್ಪ, ಲಿಪ್ ಸಿಂಕ್‌ಗೆ ಪುಸ್ತಕ ಆಮೇಲೆ, ಮೊದಲು ಕನ್ನಡಿ ತಗೊಳ್ಳಿ" ಎಂದಳು. ಡಿಸ್ನಿಯ ಅನಿಮೇಟರುಗಳೂ ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು ತಮಗೆ ತಾವೇ ಹಲ್ಲು ಕಿರಿದವರೇ. ಆದರೆ ಅವರು ಸ್ಟುಡಿಯೊದಲ್ಲಿ ಕಿರಿಯುತ್ತಿದ್ದರು, ನಾನು ನಡುಮನೆಯಲ್ಲಿ. ಆ, ಈ, ಊ, ಓ ಎಂದು ಅರ್ಧ ಗಂಟೆ ಕನ್ನಡಿಯೆದುರು ಬಾಯಿ ತಿರುಚುತ್ತಿದ್ದರೆ ಹಾಲು ತಂದ ಹುಡುಗ ಪ್ಯಾಕೆಟ್ಟನ್ನು ಹೊಸ್ತಿಲಲ್ಲೇ ಇಟ್ಟು ಹೊರಟುಹೋಗುತ್ತಿದ್ದ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮು ನಿಲ್ಲಿಸಿ ಜುಗ್ಗತನ ಮಾಡಿದರೂ 12 ಚಿತ್ರ ಬೇಕು. ನಾವು ಆಡುವ ಮಾತು ಇಷ್ಟು ದುಬಾರಿ ಎಂದು ಆ ತನಕ ನನಗೆ ಅನ್ನಿಸಿರಲಿಲ್ಲ. ನಮ್ಮ ನೆಂಟರಲ್ಲಿ ಕೆಲವರು ಊಟಕ್ಕೆ ಮೊದಲೇ ಒಂದು ಪೂರ್ತಿ ಚಲನಚಿತ್ರಕ್ಕೆ ಆಗುವಷ್ಟು ಫ್ರೇಮುಗಳನ್ನು ಖರ್ಚು ಮಾಡಿರುತ್ತಾರೆ.

ಯಾವ ಸದ್ದಿಗೆ ಯಾವ ಬಾಯಿ ಎಂಬುದಕ್ಕೆ ಒಂದು ಪಟ್ಟಿ ಇದೆ. ಡಿಸ್ನಿಯಲ್ಲೂ ಎಂಜಿಎಂನಲ್ಲೂ ದುಡಿದ ಪ್ರೆಸ್ಟನ್ ಬ್ಲೇರ್ 1940ರ ದಶಕದಲ್ಲಿ ಅನಿಮೇಷನ್ ಪಾಠದ ಪುಸ್ತಕ ಬರೆದ. ಅವನು ಬರೆದ ಬಾಯಿಗಳನ್ನೇ ಇವತ್ತಿಗೂ ಕಲಿಯುವವರು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ನಾನೂ ಅಂಟಿಸಿದೆ. ಅವೆಲ್ಲ ಇಂಗ್ಲಿಷ್ ಬಾಯಿಗಳು. ಕೆಳತುಟಿಯನ್ನು ಹಲ್ಲಿಗೆ ಕೊಟ್ಟು ಎಫ್ ಅನ್ನುವುದು, ನಾಲಿಗೆಯನ್ನು ಹಲ್ಲಿನ ಸಂದಿಯಿಂದ ಇಣುಕಿಸುವುದು. ನಮ್ಮ ಎಮ್ಮೆಗೆ ಅದೆಲ್ಲ ಯಾಕೆ? ನೋಡನೋಡುತ್ತ ನನಗೆ ಒಂದನೇ ಕ್ಲಾಸಿನ ಮೇಷ್ಟರ ವರ್ಣಮಾಲೆಯೇ ಇದಕ್ಕಿಂತ ಮೇಲು ಅನ್ನಿಸಿತು. ಕ ಗಂಟಲಲ್ಲಿ ಹುಟ್ಟಿ, ಚ ಅಂಗಳಕ್ಕೆ ಬಂದು, ಟ ನಾಲಿಗೆಯನ್ನು ಮೇಲಕ್ಕೆ ಮಡಿಸಿ, ತ ಹಲ್ಲಿಗೆ ತಾಗಿ, ಪ ತುಟಿಗೆ ಬಂದು ನಿಲ್ಲುತ್ತದೆ. ಮೆರವಣಿಗೆ ಒಳಗಿನಿಂದ ಹೊರಕ್ಕೆ. ಮೊದಲ ನಾಲ್ಕು ಸಾಲು ಅನಿಮೇಟರನಿಗೆ ಹೆಚ್ಚುಕಡಿಮೆ ಪುಕ್ಕಟೆ. ಏನು ನಡೆದರೂ ಬಾಯೊಳಗೇ ನಡೆಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಲಕಾರ ಳಕಾರ ಕಲಸಿ ಮಾತಾಡಿ ಬೈಸಿಕೊಳ್ಳುವವರಿಗೂ ಇಲ್ಲಿ ಕ್ಷಮೆಯುಂಟು, ಹೊರಗಿನಿಂದ ಎರಡೂ ಒಂದೇ.

ತೊಂದರೆಯೆಲ್ಲ ಐದನೆಯ ಸಾಲಿನದು. ಪ, ಬ, ಮ ಬಂದರೆ ತುಟಿ ಮುಚ್ಚಲೇಬೇಕು, ಎರಡು ಫ್ರೇಮಾದರೂ ಮುಚ್ಚಿರಬೇಕು. ಉಳಿದದ್ದರಲ್ಲಿ ಏನು ಮೋಸ ಮಾಡಿದರೂ ನಡೆಯುತ್ತದೆ, ಇದೊಂದು ತಪ್ಪಿದರೆ ಐದು ವರ್ಷದ ಮಗುವೂ ಹಿಡಿಯುತ್ತದೆ. ಸಮಾಧಾನವೆಂದರೆ ಆ ಸಾಲಿಗೆಲ್ಲ ಒಂದೇ ಮುಚ್ಚಿದ ಬಾಯಿ ಸಾಕು. ಅಪ್ಪ, ಅಮ್ಮ, ಅಬ್ಬ ಮೂರಕ್ಕೂ ಅದೇ ಚಿತ್ರ.

ಕಣ್ಣಿಗೆ ಇಷ್ಟು ಅಧಿಕಾರ ಯಾಕೆ ಎಂಬುದನ್ನು 1976ರಲ್ಲಿ ಹ್ಯಾರಿ ಮೆಗರ್ಕ್, ಜಾನ್ ಮ್ಯಾಕ್‌ಡೊನಾಲ್ಡ್ ಎಂಬಿಬ್ಬರು ತೋರಿಸಿದ್ದಾರೆ. ಸದ್ದು 'ಬಾ', ಪರದೆಯ ಮೇಲಿನ ತುಟಿ 'ಗಾ'. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು 'ದಾ'. ಯಾರೂ ಹೇಳದೇ ಇದ್ದದ್ದನ್ನು ಕೇಳಿಸಿಕೊಂಡು ಜಗಳವಾಡುವ ಮನೆಗಳಿಗೆ ಇದರಿಂದ ವೈಜ್ಞಾನಿಕ ತಳಹದಿ ಸಿಕ್ಕಿತು.

ಬುದ್ಧಿವಂತರು ಈ ಕಾಟವನ್ನೇ ತಪ್ಪಿಸಿಕೊಂಡಿದ್ದಾರೆ. ಹಳೆಯ ಪಪ್ಪಾಯ್ ಕಾರ್ಟೂನುಗಳಲ್ಲಿ ಮೊದಲು ಚಿತ್ರ, ಆಮೇಲೆ ಧ್ವನಿ. ಹಾಗಾಗಿ ಆ ನಾವಿಕ ತುಟಿ ಅಲ್ಲಾಡಿಸದೆಯೇ ಗೊಣಗುತ್ತಿರುತ್ತಾನೆ. ಜನ ಅದನ್ನೇ ಮೆಚ್ಚಿದರು. 1958ರಲ್ಲಿ ಬಂದ ಯೋಗಿ ಕರಡಿಯ ಕೊರಳಲ್ಲಿ ಕಾಲರು, ಟೈ. ಕಾಡಿನ ಕರಡಿಗೆ ಟೈ ಯಾಕೆ ಎಂದರೆ, ಅಲ್ಲಿಗೆ ತಲೆಯನ್ನು ಮೈಯಿಂದ ಬೇರೆ ಮಾಡಿ, ಮೈ ಹಾಗೇ ಬಿಟ್ಟು ತಲೆಯನ್ನಷ್ಟೇ ಆಡಿಸಬಹುದಲ್ಲ! 1959ರ 'ಕ್ಲಚ್ ಕಾರ್ಗೊ'ದವರು ಇನ್ನೂ ಮುಂದೆ ಹೋಗಿ, ಬರೆದ ಮುಖದ ಮೇಲೆ ನಿಜವಾದ ಮನುಷ್ಯರ ತುಟಿಗಳನ್ನೇ ತಂದು ಕೂರಿಸಿದರು. ಅದನ್ನು ರಾತ್ರಿ ಹೊತ್ತು ನೋಡಬಾರದು. ನಮ್ಮ ತೊಗಲುಗೊಂಬೆಯವರಂತೂ ಈ ತಂಟೆಗೇ ಹೋಗಲಿಲ್ಲ. ಯಾವ ಗೊಂಬೆ ಅಲ್ಲಾಡುತ್ತದೋ ಮಾತು ಅದರದು. ರಾವಣ ಬಾಯಿ ತೆರೆಯದೆಯೇ ಬೆಳಗಿನ ತನಕ ಅಬ್ಬರಿಸಿದರೂ ಪ್ರೇಕ್ಷಕರಲ್ಲಿ ಯಾರೂ ತಕರಾರು ಎತ್ತಿದ್ದಿಲ್ಲ.

ನನ್ನ ಎಮ್ಮೆಗೆ ಇದ್ದದ್ದು ಒಂದೇ ಸಂಭಾಷಣೆ: "ಬೆಳಗ್ಗೆ ಬಿಂದಿಗೆ ತುಂಬ ಹಾಲು ಕೊಡೋದು ನಾನು, ಪೂಜೆ ಮಾತ್ರ ಆ ಹಸುವಿಗೆ!" ಧ್ವನಿಗೆ ಶಿರಸಿಯ ಭಾವ ಒಪ್ಪಿಕೊಂಡರು. ಎಮ್ಮೆ ಸಾಕಿ ಅನುಭವವಿದ್ದವರು, ಕಂಠವೂ ಆ ಗಾತ್ರದ್ದೇ. ಆದರೆ ಭಾವ ಕವಳ ಹಾಕುವವರು. "ಇದೊಂದು ಸಾಲು ಹೇಳಿ ಆಮೇಲೆ ಹಾಕಿ" ಎಂದರೆ, "ಕವಳ ಇಲ್ಲದೆ ಎಂತ ಮಾತು ಮಾರಾಯ" ಎಂದರು. ಬಾಯಿತುಂಬ ರಸವಿರುವಾಗ ಮನುಷ್ಯ ಗದ್ದ ಮೇಲಕ್ಕೆತ್ತಿ, ಕೆಳತುಟಿಯನ್ನು ಒಡ್ಡು ಕಟ್ಟಿದಂತೆ ಹಿಡಿದು ಮಾತಾಡುತ್ತಾನೆ. ತುಟಿ ಕೂಡಿಸಿ ಬಿಟ್ಟನೋ, ಎದುರಿಗಿದ್ದವನ ಅಂಗಿ ಕೆಂಪು. ಆದ್ದರಿಂದ ರೆಕಾರ್ಡಾದದ್ದು ಹೀಗೆ: "ಎಳಗ್ಗೆ ಇಂದಿಗೆ ತುಂಅ ಹಾಲು ಕೊಡೋದು ನಾನು, ಊಜೆ ಆತ್ರ ಆ ಹಸುವಿಗೆ!"

ಇದನ್ನು ರೂಬಾರ್ಬ್ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಉಣಿಸಿದೆ. ಸದ್ದು ಕೇಳಿ ಯಾವ ಫ್ರೇಮಿಗೆ ಯಾವ ಬಾಯಿ ಎಂದು ಅದು ಹೇಳುತ್ತದೆ. ಅದರ ಬಳಿ ಇರುವುದು ಮುಖ್ಯವಾಗಿ ಆರು ಬಾಯಿ, ಹ್ಯಾನಾ-ಬಾರ್ಬೆರಾ ಸ್ಟುಡಿಯೊದ ಕಾಲದಿಂದ ಬಂದ ಆಸ್ತಿ. ಅದಕ್ಕೆ ಕಿವಿಯೂ ಎರಡು ಬಗೆ. ಒಂದು ಇಂಗ್ಲಿಷಿಗೆ, ಪದ ಗುರುತಿಸಿ ಕೇಳುವಂಥದ್ದು. ಇನ್ನೊಂದು ಜಗತ್ತಿನ ಉಳಿದೆಲ್ಲ ಭಾಷೆಗಳಿಗೂ ಸೇರಿ, ಬರೀ ಸದ್ದನ್ನು ಕೇಳುವಂಥದ್ದು. ಎರಡನೆಯ ಕಿವಿಯಿಂದ ಭಾವನನ್ನು ಆಲಿಸಿದ ತಂತ್ರಾಂಶ ಸಾಲಿನುದ್ದಕ್ಕೂ ತೆರೆದ ಬಾಯಿಯನ್ನೇ ಕೊಟ್ಟು ಸುಮ್ಮನಾಯಿತು. ಮುಚ್ಚಿದ ಬಾಯಿ ಎಲ್ಲೂ ಇಲ್ಲ.

ಅಣ್ಣನ ಮಗಳು ವಿಡಿಯೊ ಕರೆಯಲ್ಲಿ ಅದನ್ನು ನೋಡಿ ನಗು ತಡೆದುಕೊಂಡು, "ಚಿಕ್ಕಪ್ಪ, ಎಮ್ಮೆ ಮೆಲುಕು ಹಾಕಲ್ವಾ?" ಎಂದು ಕೇಳಿದಳು. ಅಲ್ಲಿಗೆ ಬಾಗಿಲು ತೆರೆಯಿತು. ದವಡೆ ಅಡ್ಡಡ್ಡ ಹೋಗಿ ಬರುವ ಕೆಲವು ಚಿತ್ರ ಬರೆದು ಸುತ್ತಿ ಸುತ್ತಿ ಓಡಿಸಿದೆ. ಕವಳದ ಭಾವ, ಮೆಲುಕಿನ ಎಮ್ಮೆ, ಎರಡೂ ಎಷ್ಟು ಹೊಂದಿಕೊಂಡವೆಂದರೆ, ಯಾರು ಯಾರಿಗೆ ಧ್ವನಿ ಕೊಟ್ಟದ್ದೆಂದು ತಿಳಿಯದಾಯಿತು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಮ್ಮದೇ ದನಿಯಲ್ಲಿ ಹಾಡಿದರಲ್ಲ, ಅಲ್ಲಿ ಎಮ್ಮೆಗೆ ಸಂಭಾಷಣೆ ಕೊಡದೆ ಅನ್ಯಾಯ ಮಾಡಿದ್ದರು. ಆ ಬಾಕಿ ನನ್ನಿಂದ ತೀರಿತು ಎಂದು ಒಳಗೊಳಗೇ ಹಿಗ್ಗಿದೆ.

ಮಕ್ಕಳು ನೋಡಿ ಬಿದ್ದು ಬಿದ್ದು ನಕ್ಕರು. ಎಮ್ಮೆ ಏನೆಂದಿತು ಎಂದು ಕೇಳಿದರೆ, ಇಲ್ಲದ ಪಕಾರ ಬಕಾರಗಳನ್ನೂ ತಾವೇ ಸೇರಿಸಿ ಸರಿಯಾಗಿ ಒಪ್ಪಿಸಿದರು. ಭಾವನಿಗೂ ಕಳಿಸಿದೆ. ಸಂಜೆ ಫೋನ್ ಬಂತು. ಕವಳ ಉಗುಳಿ ಬಂದಿದ್ದರೆಂದು ಕಾಣುತ್ತದೆ, ಮಾತು ಸ್ಪಷ್ಟವಾಗಿತ್ತು.

"ಬಾಯಿ ಎಲ್ಲ ಸರಿ ಉಂಟು ಮಾರಾಯ. ಆದರೆ ಅದು ಕಿವಿಯನ್ನೇ ಅಲ್ಲಾಡಿಸುವುದಿಲ್ಲವಲ್ಲ? ನೊಣ ಓಡಿಸದ ಎಮ್ಮೆಯನ್ನು ಎಲ್ಲಿ ನೋಡಿದ್ದೀ ನೀನು?"

ಈಗ ಕಿವಿ ಬರೆಯುತ್ತಿದ್ದೇನೆ. ಎಡದ್ದು ಮುಗಿದಿದೆ. ನೊಣಕ್ಕೆ ಸಂಭಾಷಣೆ ಇಲ್ಲ ಎಂದು ಅಣ್ಣನ ಮಗಳ ಹತ್ತಿರ ಮೊದಲೇ ಹೇಳಿಬಿಟ್ಟಿದ್ದೇನೆ.